ಎರೆ ಸೀಮಿಯ ಶಿಖರ ಹುಡುಕಿದ ಮೂರು ದಿನ

ಗುರುವಾರ ಮಧ್ಯಾಹ್ನ ಇಂಜಿನಿಯರು ಫೋನು ಮಾಡಿದ. "ಸೋಮವಾರಂ ಜೆಸಿಬಿ ವಸ್ತುಂದಿ ಸಾರ್. ರೇಪು ಪೋಯಿ ಗೂಟಾಲು ಕೊಟ್ಟೇಸಿ ರಂಡಿ" ಅಂದ. ಸೋಮವಾರ ಪಾಯಾ ಅಗಿಯಾಕ ಮಷೀನು ಬರತೈತಿ, ನಾಳೆ ಹೋಗಿ ಗೂಟ ಹೊಡದು ಬರ್ರಿ ಅಂತ. ನಾಕು ಗೂಟ, ಒಂದು ತಾಸಿನ ಕೆಲಸ. ಆದ್ರ ಮಳಿ ಹಿಡಕೊಂಡು ಆಗಲೇ ಎರಡು ದಿನ ಆಗಿತ್ತು. ಆದೋನಿ ಬಜಾರದಾಗ ಹತ್ತಿ ಗಾಡಿಗಳು ತಾಡಪಾಲು ಹೊತ್ಕೊಂಡು ನಿಂತಲ್ಲೇ ನಿಂತಿದ್ವು. ನಾನು ಇಂಜಿನಿಯರನ್ನೂ ಮಳೀನೂ ಒಟ್ಟಿಗೇ ಬೈಕೊಂತ ನೆಲದ ಎತ್ತರ ಅಳಿಯೋ ಲೆವೆಲ್ ಮಷೀನಿನ ಪೆಟಿಗಿ ಒರಸಿ ಇಟ್ಟೆ.

ಊರಿನ ಹೆಸರು ಬ್ಯಾಡ. ಪೆದ್ದಕಡುಬೂರು ದಾಟಿದ ಮ್ಯಾಲ ಬರೋ ಎರೆ ಸೀಮಿ ಅಂದ್ರ ಸಾಕು. ನಾನು ಆದೋನ್ಯಾಂವ. ಹಿತ್ತಲ ಬಾಗಲ ತಗದ್ರ ಬಂಡೆಗಲ್ಲಿನ ಗುಡ್ಡ ಮಾರಿಗೆ ಹೊಡೀತೈತಿ. ಎತ್ತರ ಅಂದ್ರ ತಲಿ ಎತ್ತಿ ನೋಡೋದು ಅಂತಾನೇ ನನ್ನ ಕಣ್ಣಿಗೆ ರೂಢಿ. ಅಂಥಾ ಕಣ್ಣಿಗೆ ಆ ಸೀಮಿ ಪರಾತದಂಗ ಸಪಾಟು. ಆ ಊರು ಒಂದು ಸಣ್ಣ ದೇಶ ಅಂತ ಇಟ್ಟುಕೊಳ್ರಿ. ಯಾವ ದೇಶಕ್ಕಾದ್ರೂ ಒಂದು ಶಿಖರ ಇರಬೇಕಲ್ಲ? ಈ ದೇಶದ ಶಿಖರ ಗುಡಿ ಹಿಂದಿನ ದಿನ್ನಿ ಅಂತ ಊರಿಗೆ ಊರೇ ಹೇಳತಿತ್ತು. ಬ್ಯಾಸಗ್ಯಾಗ ನಾನೇ ಬಂದು ಅಳದು, ಹೌದು, ದಿನ್ನೀನೇ ಎತ್ತರ ಅಂತ ಬರಕೊಟ್ಟಿದ್ದೆ. ಅದರ ಮ್ಯಾಲ ಊರಿಗೆಲ್ಲಾ ನೀರು ಕೊಡೋ ಹೊಸಾ ಟ್ಯಾಂಕು ಬರಬೇಕಾಗಿತ್ತು. ಎತ್ತರದಾಗ ಟ್ಯಾಂಕು ಕಟ್ಟಿದ್ರ ನೀರು ತಾನಾಗೇ ಎಲ್ಲಾ ಓಣಿಗೆ ಇಳೀತೈತಿ.

ಶುಕ್ರವಾರ ಬೆಳಿಗ್ಗೆ ಬಸ್ಸು ಇಳದಾಗ ಅಳತಿ ಕೋಲು ಹಿಡಿಯೋ ನನ್ನ ಆಳು ಫೋನು ಎತ್ತಲಿಲ್ಲ. ಮಳಿ ನೋಡಿ ಮನ್ಯಾಗೇ ಮಕ್ಕೊಂಡಾನ. ಸಾಲಿ ಕಟ್ಟಿ ಮ್ಯಾಲ ನಿಂತು ಅವನ ಕುಲ ಉದ್ಧಾರ ಮಾಡಾಕತ್ತಿದ್ದೆ, ಅಷ್ಟ್ರಾಗ ಒಬ್ಬಾಕಿ ಬಂದ್ಳು. ಐವತ್ತರ ಆಸುಪಾಸು, ಗೊಬ್ಬರದ ಚೀಲ ಕೊಪ್ಪಿ ಮಾಡಿ ತಲಿಗೆ ಹಾಕ್ಕೊಂಡಿದ್ಳು. ಊರಿನ ಕೊನೀ ಓಣಿಯ ವಾರ್ಡ್ ಮೆಂಬರು, ಹತ್ತಿ ಬಿಡಿಸೋ ಕೂಲಿಗೂ ಹೋಗಾಕಿ. ಟ್ಯಾಂಕಿನ ಅರ್ಜಿ ಹಿಡಕೊಂಡು ಮಂಡಲ ಆಫೀಸಿಗೆ ತಿರುಗಿ ತಿರುಗಿ ಮಂಜೂರು ಮಾಡಿಸಿದಾಕಿ ಆಕೀನೇ ಅಂತ ನನಗ ಗೊತ್ತಿತ್ತು.

"ಸಾರ್, ದಿನ್ನಿ ಮ್ಯಾಲ ಟ್ಯಾಂಕು ಬಂದ್ರ ನಮ್ಮ ಓಣಿ ನಳಕ್ಕ ನೀರು ಬರತೈತೇನ್ರಿ?"

"ಬರದಂಗ ಏನಕ್ಕ! ನಿಮ್ಮ ಓಣಿ ಎಲ್ಲಾರಗಿಂತ ತೆಳಗ ಐತಿ. ನೀರು ಹರಕೊಂಡು ಬಂದು ನಿಮ್ಮ ಕೊಡದಾಗ ಬೀಳತೈತಿ."

ಆಕಿ ತಲಿ ಮ್ಯಾಲಿನ ಕೊಪ್ಪಿ ಹಿಂದ ಸರಿಸಿದ್ಳು. ಆಮ್ಯಾಲ, ಜಗಳಕ್ಕಲ್ಲ, ತಿಳಕೊಳ್ಳಾಕ ಕೇಳಿದಂಗ ಕೇಳಿದ್ಳು: "ನಾವು ತೆಳಗ ಇದ್ರ ಈಗಿನ ನಳದ ನೀರು ನಮಗ್ಯಾಕ ಬರಂಗಿಲ್ರಿ? ಊರಾಗಿನವ್ರು ಕೇಳಿದ್ರ, ನೀವೇ ನಳ ಮುರದೀರಿ ಅಂತಾರ. ಹೋಗ್ಲಿ ಬಿಡ್ರಿ. ಇಂಥಾ ಮಳ್ಯಾಗ ಊರ ನೀರೆಲ್ಲಾ ನಮ್ಮ ಮನಿಗೆ ನುಗ್ಗಬೇಕಲ್ರಿ? ಒಂದು ಹನಿ ನಿಲ್ಲಂಗಿಲ್ಲ ಸಾರ್ ನಮ್ಮ ಓಣ್ಯಾಗ."

ನನಗ ಸಿಟ್ಟು ಬಂತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡೀನಿ, ಈಕಿ ನನಗ ಇಳಿಜಾರಿನ ಪಾಠ ಹೇಳತಾಳಲ್ಲ ಅಂತ. "ನಡೀರಿ ನೋಡೂಣು" ಅಂದೆ. ಆಕಿ ಹೇಳಿದ್ದು ತಪ್ಪಂತ ತೋರಿಸಬೇಕಂತಾನೇ ಹೊಂಟಿದ್ದೆ.

ಊರು ಮುಗಿಯೋ ಕಡೆ ಒಂದು ಬೇವಿನ ಗಿಡ, ಗಿಡದ ಮುಂದ ರಸ್ತೆ ಗಪ್ಪನ ಇಳದು ಒಂದು ಮೋರಿ ದಾಟತೈತಿ. ದಾಟಿದ ಮ್ಯಾಲ ಕೊನೀ ಓಣಿ ಸುರು. ಮೋರಿ ಮ್ಯಾಲ ನಿಂತು ನೋಡಿದೆ. ಕೆಂಪು ನೀರು ಮೊಣಕಾಲುದ್ದ ಹರಿಯಾಕತ್ತಿತ್ತು. ಎಲ್ಲಿಂದ? ಊರ ಕಡಿಂದ ಅಲ್ಲ. ಓಣಿ ಕಡಿಂದ, ನನ್ನ ಎದುರಿಗೆ. ನೀರಿಗೆ ನನ್ನ ರಿಪೋರ್ಟು ಓದಾಕ ಬರಂಗಿಲ್ಲ ನೋಡ್ರಿ, ತನಗ ತಿಳಿದಂಗ ಹರೀತಿತ್ತು. ನನ್ನ ಸಿಟ್ಟು ಅಲ್ಲೇ ತಣ್ಣಗಾತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ಯಾಸಗ್ಯಾಗ ನಾನು ಅಳತಿ ಮಾಡಿದ್ದು ಆ ಬೇವಿನ ಗಿಡದ ತನಕ ಅಷ್ಟೇ. ಮಧ್ಯಾಹ್ನ ಒಂದೂವರಿ, ತಲಿ ಕಾದು ಹೋಗಿತ್ತು. ಮೋರಿಗೆ ಇಳಿಯೋ ಕಡೆ ಕೋಲಿನ ಅಂಕಿ ನೆಲ ಇಳೀತೈತಿ ಅಂತ ತೋರಿಸಿತ್ತು. ಮುಂದಿನ ಓಣಿದು ಆದೋನಿಗೆ ಬಂದು ಫ್ಯಾನಿನ ಕೆಳಗ ಕುಂತು, ಅದೇ ಇಳಿಜಾರು ಎಳದು, ಏಳು ಅಂಕಿ ಅಂದಾಜಿಗೆ ಬರದೆ. ನಮ್ಮ ಕೆಲಸದಾಗ ಇದನ್ನ ಎಲ್ಲಾರೂ ಮಾಡತಾರ, ಕಡೀ ತುಂಡು ಅಂದಾಜು. ಯಾವ ಊರಾಗ ಯಾವುದು ಕಡೀ ತುಂಡು ಆಗತೈತಿ ಅಂತ ಯಾರೂ ಕೇಳಂಗಿಲ್ಲ. ನಾನೂ ಕೇಳಿರಲಿಲ್ಲ.

ಗೂಟ ಹೊಡಿಯೋದು ಬಿಟ್ಟು, ಸಾಲಿ ಮೆಟ್ಟಲಿನಿಂದ ಮತ್ತ ಅಳತಿ ಸುರು ಮಾಡಿದೆ. "ಕೋಲು ನಾ ಹಿಡೀತೀನ್ರಿ" ಅಂದ್ಳು ಅಕ್ಕ. ಹೆಂಗ ಹಿಡೀಬೇಕಂತ ಒಂದೇ ಸಲ ತೋರಿಸಿದೆ, ಅಷ್ಟೇ. ಕೆಲಸ ಹೇಳಾಕ ಸರಳ. ಮಷೀನಿನ ದುರ್ಬೀನಿನಾಗ ಹಿಂದಿನ ಕೋಲಿನ ಅಂಕಿ ಓದಬೇಕು, ಕೋಲು ಮುಂದ ಹೋದ ಮ್ಯಾಲ ಅಲ್ಲಿಯ ಅಂಕಿ ಓದಬೇಕು. ಎರಡರ ವ್ಯತ್ಯಾಸಾನೇ ನೆಲದ ಏರಿಳಿತ. ಆಮ್ಯಾಲ ಕೋಲು ಅಲ್ಲೇ ಇರಬೇಕು, ಮಷೀನು ಅದನ್ನ ದಾಟಿ ಮುಂದ ಹೋಗಬೇಕು. ಹಿಂಗ ಕಪ್ಪಿ ಜಿಗಿದಂಗ ಜಿಗಕೊಂತ ಊರ ತುದಿ ಮುಟ್ಟಿ, ಅದೇ ದಾರ್ಯಾಗ ಸಾಲಿ ಮೆಟ್ಟಲಿಗೆ ವಾಪಸ್ ಬರಬೇಕು. ಹೊಂಟಾಗಿನ ಎತ್ತರಾನೇ ಬಂದಾಗಲೂ ಬಂದ್ರ ಅಳತಿ ಕೂಡಿತು ಅಂತ ಅರ್ಥ. ಇಲ್ಲಂದ್ರ ಎಲ್ಲೋ ಒಂದು ಕಡೆ ಸುಳ್ಳು ಐತಿ.

ಊರಾಗಿನ ಸಿಮೆಂಟು ರಸ್ತೆ ತನಕ ಎಲ್ಲಾ ಚಂದಿತ್ತು. ಮೋರಿ ದಾಟಿದ ಮ್ಯಾಲ ಎರೆ ಮಣ್ಣು. ತುಳದ್ರ ಬಿಡಂಗಿಲ್ಲ ಪುಣ್ಯಾತ್ಮ. ಹತ್ತು ಹೆಜ್ಜಿಗೆ ಒಂದೊಂದು ಕಾಲಿಗೆ ಎರಡೆರಡು ಸೇರು ಮಣ್ಣು. ಚಪ್ಪಲಿ ಎರಡು ಸಲ ಹೂತು ಹೋತು, ಮೂರನೇ ಸಲ ನಾನೇ ಬಿಟ್ಟು ಬರಿಗಾಲಾದೆ. ಒಂದು ಕೈಯಾಗ ಛತ್ರಿ, ಇನ್ನೊಂದು ಕೈಯಾಗ ದುರ್ಬೀನಿನ ಗಾಜು ಒರಸೋ ದಸ್ತಿ. ಮಳಿ ಅಡ್ಡ ಬಡದ್ರ ಕೋಲಿನ ಅಂಕಿ ಮಬ್ಬು, ಆರು ಹೌದೋ ಎಂಟು ಹೌದೋ ಗೊತ್ತಾಗತಿದ್ದಿಲ್ಲ. ನಾನು ಕೂಗಿದ್ದು ಆಕಿಗೆ ಕೇಳತಿದ್ದಿಲ್ಲ, ಆಕಿ ಕೂಗಿದ್ದು ನನಗ ಕೇಳತಿದ್ದಿಲ್ಲ. ಫೀಲ್ಡ್ ಬುಕ್ಕಿನ ಹಾಳಿ ಹಸಿ ಹಪ್ಪಳದಂಗ ಮೆತ್ತಗಾಗಿ, ಪೆನ್ಸಿಲು ಒತ್ತಿದ್ರ ಹರೀತಿತ್ತು.

ಸಂಜೀ ನಾಕಕ್ಕ ವಾಪಸ್ ಸಾಲಿ ಮೆಟ್ಟಲಿಗೆ ಬಂದು ಕೂಡಿಸಿ ನೋಡಿದೆ. ಒಂದು ಗೇಣು ವ್ಯತ್ಯಾಸ! ಬೆರಳಿನ ಉಗುರಿನಷ್ಟು ಬಂದ್ರ ನಡೀತೈತಿ, ಗೇಣು ಬಂದ್ರ ಆ ಅಳತೀನ ಇಂಜಿನಿಯರು ಮುಟ್ಟಿ ಸೈತ ನೋಡಂಗಿಲ್ಲ. ಮತ್ತ ಕೂಡಿಸಿದೆ. ಅದೇ ಗೇಣು. ಓಣಿ ಎತ್ತರ ಐತಿ ಅನ್ನೋದು ಅಂಕ್ಯಾಗ ಎದ್ದು ಕಾಣತಿತ್ತು, ಆದ್ರ ಕೂಡದ ಅಳತಿ ಹಿಡಕೊಂಡು ಸೋಮವಾರದ ಜೆಸಿಬಿ ನಿಲ್ಲಸಾಕ ಆಗಂಗಿಲ್ಲ. ಒಮ್ಮೆ ದಿನ್ನಿ ಮ್ಯಾಲ ಕಾಂಕ್ರೀಟು ಬಿತ್ತಂದ್ರ ಆ ಓಣಿ ಮೊಮ್ಮಕ್ಕಳ ಕಾಲಕ್ಕೂ ಕೊಡ ಹೊರೋದೇ. ನನಗ ಬಾಯಿ ತುಂಬಾ ಬೈಬೇಕು ಅನಸಿತು, ಬೈಯಾಕ ಯಾರೂ ಇದ್ದಿಲ್ಲ.

"ಕೂಡಲಿಲ್ಲಕ್ಕ" ಅಂದೆ.

ಆಕಿ ಕೋಲಿನ ಬುಡ ನೋಡಕೊಂತ ಅಂದ್ಳು: "ನೀವು ಮಷೀನು ಹೊತ್ಕೊಂಡು ಅತ್ಲಾಗ ಹೋಗಾಷ್ಟೊತ್ತಿಗೆ ಕೋಲು ತೆಳಗ ಇಳೀತೈತಿ ಸಾರ್. ನನ್ನ ಕೈಗೆ ಗೊತ್ತಾಗತಿತ್ತು. ಅದು ಹಂಗೇ ಇರತೈತೇನೋ ಅಂತ ನಾ ಸುಮ್ಮನಿದ್ದೆ."

ಅಯ್ಯೋ ನನ್ನ ಬುದ್ಧಿಗಿಷ್ಟು! ಗಟ್ಟಿ ನೆಲದಾಗ ಕೆಲಸ ಮಾಡಿ ಮಾಡಿ, ಕೋಲಿನ ಬುಡಕ್ಕ ಇಡೋ ಕಬ್ಬಿಣದ ತಟ್ಟಿ ಮನ್ಯಾಗೇ ಬಿಟ್ಟು ಬಂದಿದ್ದೆ. ನನ್ನ ಮಷೀನಿನ ಮೂರು ಕಾಲೂ ಹಂಗೇ ಇಳದಿರಬೇಕು. ಒಂದೊಂದು ಜಿಗತಕ್ಕ ಒಂದೊಂದು ಗೆರಿ ಇಳದ್ರ, ಹೋಗಿ ಬರಾಷ್ಟೊತ್ತಿಗೆ ಗೇಣು ಆಗದಂಗ ಇರತೈತೇನು?

ಶನಿವಾರ ಮುಂಜಾನೆ ಮದಲ ಬಸ್ಸಿಗೆ ಹೋದೆ. ತಟ್ಟಿ ತಗೊಂಡು ಹೋಗಿದ್ದೆ, ಆದ್ರ ಅಕ್ಕ ನನಗಿಂತ ಮುಂದಿದ್ಳು. ಸಾಲಿ ಕಟ್ಟಿ ಮ್ಯಾಲ ಆಕಿ ಮನಿ ರೊಟ್ಟಿ ಹಂಚು ಬೋರಲು ಹಾಕಿ ಇಟ್ಟಿದ್ಳು, ಬಾಜೂಕ ಮೂರು ಚಪ್ಪಟಿ ಕಡಪ ಕಲ್ಲು. "ಕೋಲಿಗೆ ಹಂಚು, ನಿಮ್ಮ ಮಷೀನಿನ ಕಾಲಿಗೆ ಕಲ್ಲು" ಅಂದ್ಳು. ನನ್ನ ತಟ್ಟಿ ಅಂಗೈ ಅಗಲ, ಹಂಚು ಮೊಳದ ಹತ್ರ. ಎರೆ ಕೆಸರಾಗ ಯಾವುದು ನಿಲ್ಲತೈತಿ ಅಂತ ಹೇಳಾಕ ಇಂಜಿನಿಯರಿಂಗು ಓದಬೇಕಾಗಿಲ್ಲ. ಬೋರಲು ಹಂಚಿನ ನಡು ಉಬ್ಬಿನ ಮ್ಯಾಲ ಕೋಲು ನಿಲ್ಲಿಸಿ, ಇಬ್ಬರೂ ಹತ್ತು ಎಣಿಸಿ, ಅಂಕಿ ಅಲುಗಾಡಲಿಲ್ಲಂದ್ರ ಬರದುಕೊಳ್ಳೋದು. ಹಿಂಗಂತ ನಮ್ಮ ನಮ್ಮಾಗ ಒಂದು ಕಾಯ್ದೆ ಮಾಡಿಕೊಂಡ್ವಿ.

"ಇವತ್ತು ಮನ್ಯಾಗ ರೊಟ್ಟಿ?"

"ಇವತ್ತು ಅನ್ನ ತಿನ್ಲಿ ಬಿಡ್ರಿ, ಏನು ಸೊರಗತಾರೇನು" ಅಂದ್ಳು.

ಮೋರಿ ದಾಟಿ ಓಣಿಗೆ ಹತ್ತಿದ್ವಿ. ಹತ್ತಿದ್ವಿ ಅಂತ ಬರೀತೀನಿ, ಆದ್ರ ಹತ್ತಿದಂಗ ಕಾಲಿಗೆ ಗೊತ್ತೇ ಆಗಂಗಿಲ್ಲ. ಇದು ನನಗ ಭಾಳ ಸೋಜಿಗ ಅನಸಿತು. ಮೋರಿ ಕಡೆ ಇಳಿಯೋದು ಹತ್ತು ಹೆಜ್ಜಿ, ಗಪ್ಪನ ಇಳೀತೈತಿ, ಅದು ನೆನಪಿರತೈತಿ. ಆಚೆ ಏರೋದು ಅರ್ಧ ಮೈಲಿ, ನುಣ್ಣಗ, ಕಳ್ಳನಂಗ. ಊರವ್ರೆಲ್ಲಾ ಹುಟ್ಟಿದಾಗಿನಿಂದ ಆ ಇಳಿಯೋದನ್ನ ಮಾತ್ರ ನೋಡ್ಯಾರ, ಯಾಕಂದ್ರ ಅದರಾಚೆ ಅವ್ರು ಹೋಗಂಗೇ ಇಲ್ಲ. ಮಷೀನು ಮಾತ್ರ ಪ್ರತೀ ಜಿಗತಕ್ಕ ಒಂದೊಂದು ಮೊಳ ಏರು ತೋರಿಸಾಕತ್ತಿತ್ತು. ಮುಂದ ಏನೈತಿ, ಮುಂದ ಏನೈತಿ ಅಂತ ನನಗ ಸಣ್ಣ ಹುಡುಗನಂಗ ಆತುರ. ಮಳಿ ಜೋರಾತು, ಮಷೀನಿಗೆ ಪ್ಲಾಸ್ಟಿಕ್ಕು ಸುತ್ತಿ ಹತ್ತು ನಿಮಿಷ ಒಂದು ಮನಿ ಚಾಚು ಕೆಳಗ ನಿಂತ್ವಿ, ಮತ್ತ ಹೊಂಟ್ವಿ.

ಹಿಂದಿನ ದಿನ ತಿರುಗಿದ್ದ ಓಣಿ ತುದಿ ದಾಟಿದ ಮ್ಯಾಲ ಕಾಲಿಗೆ ಮಣ್ಣು ಹತ್ತೋದು ನಿಂತು ಹೋತು. ಬಗ್ಗಿ ನೋಡಿದ್ರ ಎರೆ ಅಲ್ಲ, ಕೆಂಪು ಗರಸು. ಹರಳು ಹರಳು ನೆಲ. ಆವಾಗ ನನ್ನ ತಲ್ಯಾಗ ದೀಪ ಹತ್ತಿತು. ಎರೆ ಮಣ್ಣು ಯಾವತ್ತೂ ತಗ್ಗಿಗೆ ಇಳದು ಕುಂದರತೈತಿ, ಬೋಳು ಗರಸು ಏರಿನ ಮ್ಯಾಲ ಉಳೀತೈತಿ. ಹತ್ತಿ ಬೆಳಿಯೋ ಎರೆ ನೆಲ ಊರವ್ರು ಇಟ್ಟುಕೊಂಡು, ಏನೂ ಬೆಳೀದ ಗರಸಿನ ಮಗ್ಗಲಿಗೆ ಈ ಮಂದಿನ್ನ ಮನಿ ಕಟ್ಟಿಕೊಳ್ರಿ ಅಂದಾರ. ಬರಡು ನೆಲ ಕೊಟ್ವಿ ಅಂತ ತಿಳದಿದ್ರು. ತಮಗ ಗೊತ್ತಿಲ್ಲದಂಗ ಊರಿನ ಶಿಖರಾನೇ ಕೊಟ್ಟು ಕುಂತಿದ್ರು.

"ಇದಾ ಏನ್ರಿ ಎತ್ತರ?" ಅಂದ್ಳು ಅಕ್ಕ. ಸುತ್ತ ನೋಡಿದ್ಳು. ಮಳಿ ಮಂಜಿನಾಗ ಗುಡಿ ಇಲ್ಲ, ದಿನ್ನಿ ಇಲ್ಲ, ಏನೂ ಕಾಣತಿದ್ದಿಲ್ಲ. "ಇಲ್ಲಿ ನಾವು ಮೆಣಸಿನಕಾಯಿ ಒಣಾ ಹಾಕತೀವಿ. ನೀರು ನಿಲ್ಲಂಗಿಲ್ಲ ಅಂತ."

"ದಿನ್ನಿಗಿಂತ ಎರಡಾಳು ಎತ್ತರ ಐತಿ ಅಕ್ಕ."

ಆಕಿ ಬಾಯಿ ಮ್ಯಾಲ ಸೆರಗು ಇಟ್ಟುಕೊಂಡು ನಕ್ಕಳು. ನಕ್ಕು ಮುಗಿದ ಮ್ಯಾಲ, ಯಾವ ಸಿಟ್ಟೂ ಇಲ್ಲದಂಗ, ಒಂದು ಮಾತು ಅಂದ್ಳು. "ಬ್ಯಾಸಗ್ಯಾಗ ನೀವು ಬೇವಿನ ಗಿಡದ ತನಕ ಬಂದು ವಾಪಸ್ ಹೋದ್ರಿ ಸಾರ್. ನಾ ಅಲ್ಲೇ ಹತ್ತಿಕಟಿಗಿ ಒಟ್ಟಾಕತ್ತಿದ್ದೆ. ಒಳಗ ಬರತೀರಿ ಅಂತ ಮಂಚ ಹೊರಗ ಹಾಕಿಸಿದ್ದೆ."

ಎರಡು ದಿನ ಮಳ್ಯಾಗ ನನ್ನ ಜೋಡಿ ಕೋಲು ಹಿಡದು ನಿಂತಾಕಿಗೆ ಇದು ಮದಲಿಂದ ಗೊತ್ತಿತ್ತು. ನೆಲ ಬಾಯಿ ಬಿಡಬಾರದಾ ಅನ್ನೋವಷ್ಟು ನಾಚಿಕಿ ಆತು ನನಗ. "ಬಿಸಿಲು ಭಾಳ ಇತ್ತಕ್ಕ" ಅಂದೆ. ನಮ್ಮದು ಗುಡಿ ಪೂಜಾರಿಕಿ ಮನಿ. ಬಿಸಿಲಿಗೇ ವಾಪಸ್ ಹೋದೆನಾ ನಾನು? ಊರಾಗಿನ ಓಣಿ ಆಗಿದ್ರ ಇನ್ನೊಂದರ್ಧ ತಾಸು ತಡಕೊತಿದ್ದೆ ಅಂತ ಅನಸತೈತಿ. "ಹತ್ತು ಎಣಿಸೂಣೇನ್ರಿ?" ಅಂತ ಅಕ್ಕ ಕೋಲು ನೆಟ್ಟಗ ಮಾಡಿದ್ಳು.

ಸಾಲಿ ಮೆಟ್ಟಲಿಗೆ ವಾಪಸ್ ಬಂದಾಗ ಆರು ಮಿಲ್ಲಿಮೀಟರು ವ್ಯತ್ಯಾಸ. ಕೂಡಿತು! ನಾನು ಕುಣೀಲಿಲ್ಲ ಅಷ್ಟೇ. ಆದ್ರ ಕೂಡಿದ ಕೂಡಲೇ ಇನ್ನೊಂದು ಚಿಂತಿ ಎದ್ದಿತು. ಹೊಸಾ ಅಳತಿ ಕೊಟ್ರ, ಹಳೇದು ಹೆಂಗ ತಪ್ಪಾತು ಅಂತ ಕೇಳತಾರ. ಮಷೀನು ಕೆಟ್ಟಿತ್ತು ಅನ್ನಬಹುದು. ಕೋಲು ಹಿಡಿಯೋ ಆಳಿನ ಮ್ಯಾಲ ಹಾಕಬಹುದು, ಅವನೂ ಅದಕ್ಕ ಲಾಯಕ್ಕೇ. ಆದ್ರ ಮಷೀನಿನ ಮ್ಯಾಲ ಹಾಕಿದ್ರ, ಹೊಸಾ ಅಂಕೀನೂ ಅದೇ ಮಷೀನು ಕೊಟ್ಟಿದ್ದಲ್ಲೇನು ಅಂತ ಇದನ್ನೂ ತಳ್ಳಿಬಿಡತಾರ. ಅಲ್ಲೇ ಕಟ್ಟಿ ಮ್ಯಾಲ ಕುಂತು ಇಂಜಿನಿಯರಿಗೆ ಫೋನು ಹಚ್ಚಿದೆ. "ಹಳೇ ರಿಪೋರ್ಟಿನ ಕಡೀ ಏಳು ಅಂಕಿ ನಾನು ಹೋಗದೇ ಬರದಿದ್ದು" ಅಂದೆ. "ಇಪ್ಪುಡು ಚೆಪ್ತಾರಾ ಸಾರ್?" ಅಂದ ಅವ, ಈಗ ಹೇಳತೀರಾ ಅಂತ. "ಆದಿವಾರಂ ವಸ್ತಾನು. ಅದೇ ಮಾಟ ರಾಸಿ ಇವ್ವಂಡಿ." ಭಾನುವಾರ ಬರತೀನಿ, ಅದನ್ನೇ ಬರದು ಕೊಡ್ರಿ. ಬರದೆ, ಸೈನು ಹಾಕಿದೆ. ಈ ಕೆಲಸ ಮುಗಿದ ಮ್ಯಾಲ ಆ ಇಂಜಿನಿಯರು ನನ್ನ ಮತ್ತ ಕರೀಲಿಲ್ಲ, ಅದು ಅವನ ನ್ಯಾಯ.

ಭಾನುವಾರ ಪಂಚಾಯ್ತಿ ಆಫೀಸಿನ ಪಡಸಾಲ್ಯಾಗ ಸಭಿ. ಇಂಜಿನಿಯರು, ಸರ್ಪಂಚ್ ಗೌಡ್ರು, ಊರಿನ ನಾಕೈದು ಮಂದಿ ಹಿರೇರು, ಬಾಗಲ ಹತ್ರ ಕುಂತ ಅಕ್ಕ. ನಾನು ನಕಾಶಿ ಹಾಸಿ, ಎರಡು ದಿನದ ಅಂಕಿ ತೋರಿಸಿ, ಗರಸಿನ ಮ್ಯಾಲ ಬೆರಳು ಇಟ್ಟೆ. ಅಳತಿ ಬಗ್ಗೆ ಯಾರೂ ಎರಡು ಮಾತಾಡಲಿಲ್ಲ. ಇಂಜಿನಿಯರು ಎಲ್ಲಾ ಲೆಕ್ಕ ಹಾಕಿ ನೋಡಿ ಸರಿ ಐತಿ ಅಂದ. ಆಮ್ಯಾಲ ಗೌಡ್ರು, ಭಾಳ ಮೆತ್ತಗ, ಎಲಿ ಅಡಿಕಿ ಬಾಯಾಗ ಇಟ್ಟುಕೊಂಡು ಅಂದ್ರು: "ಸರ್ವೇಯರ್ ಸಾರ್ ಹೇಳೋದು ಖರೇ ಇರಬಹುದು. ಆದ್ರ ಊರಿಗೆಲ್ಲಾ ಕುಡಿಯೋ ನೀರು... ಅಲ್ಲಿಂದ ಬರಬೇಕೇನ್ರಿ?"

ಅಷ್ಟೇ ಅಂದ್ರು. 'ಅಲ್ಲಿಂದ' ಅಂದ್ರ ಏನು ಅಂತ ಯಾರೂ ಕೇಳಲಿಲ್ಲ, ಯಾರಿಗೂ ಕೇಳೋ ಅವಶ್ಯ ಇದ್ದಿಲ್ಲ. ಹಿರೇರು ನೆಲ ನೋಡಿದ್ರು. ಇಂಜಿನಿಯರು ಪೆನ್ನಿನ ಮುಚ್ಚಳ ತಿರುವಾಕ ಹತ್ತಿದ. ನನಗ ಮೈಯೆಲ್ಲಾ ಉರೀತು, ಆದ್ರ ನಾನೂ ನಕಾಶಿಯ ಮಡಿಕಿ ತೀಡಕೊಂತ ಕುಂತೆ.

ಅಕ್ಕ ಎದ್ದು ನಿಂತ್ಳು. "ಗೌಡ್ರ, ಎರಡು ದಿನ ಕೋಲು ಹಿಡದು ನೀರಿನ ದಾರಿ ನೋಡೀನ್ರಿ. ನಮ್ಮ ಅಂಗಳದಾಗ ಬಿದ್ದ ಮಳಿ ಮೋರಿಗೆ ಇಳೀತೈತಿ, ಮೋರಿಂದ ಗಟಾರ ಹಿಡದು ನಿಮ್ಮ ಬಾಗಲ ಮುಂದ ಹಾದು ಊರ ಕೆರಿಗೆ ಬೀಳತೈತಿ. ಆ ಕೆರಿ ನೀರು ನಿಮ್ಮಪ್ಪ ಕುಡದಾರ, ನಿಮ್ಮಜ್ಜ ಕುಡದಾರ. ನೀವೂ ಕುಡದೀರಿ. ಏನಾಗೇತಿ ಹೇಳ್ರಿ?"

ಪಡಸಾಲಿ ಮುಂದ ಗಟಾರದಾಗ ಕೆಂಪು ನೀರು ದಬದಬ ಹರಿಯಾಕತ್ತಿತ್ತು. ಎಲ್ಲಾರೂ ಅದನ್ನೇ ನೋಡಿದ್ರು. ಗೌಡ್ರೂ ನೋಡಿದ್ರು. ಒಬ್ಬ ಮುದುಕ, "ಈಕಿ ಹೇಳೋದರಾಗ ಏನು ಸುಳ್ಳೈತಿ" ಅಂತ ತನಗಷ್ಟೇ ಹೇಳಿಕೊಂಡಂಗ ಗೊಣಗಿದ. ಗೌಡ್ರು ಎದ್ದು ಹೋಗಿ ಎಲಿ ಉಗುಳಿ ಬಂದು ಕುಂತು, ಇಂಜಿನಿಯರಿಗೆ ಕೇಳಿದ್ರು: "ಗರಸು ನೆಲಕ್ಕ ಪಾಯಾ ಗಟ್ಟಿ ಬರತೈತಿ, ಅಲ್ರಿ?" ಬರತೈತಿ ಅಂದ ಅವ. "ಹಂಗಾದ್ರ ಗಟ್ಟಿ ನೆಲ ಅಂತ ಕಾರಣ ಹಾಕಿ ಅಲ್ಲೇ ಬರೀರಿ" ಅಂದ್ರು. ಮಾನಕ್ಕ ಒಂದು ದಾರಿ ಸಿಕ್ಕಿತು ಅವ್ರಿಗೆ, ನಾನೂ ಉಸಿರು ಬಿಟ್ಟೆ. ಕಾರ್ಯದರ್ಶಿ ತೆಲುಗಿನಾಗ ಠರಾವು ಬರದ. ಒಬ್ಬೊಬ್ಬರೇ ಸೈನು ಮಾಡಿದ್ರು, ಕಡೀಕ ಬುಕ್ಕು ಅಕ್ಕನ ಕೈಗೆ ಬಂತು.

ಆಕಿ ಬೆರಳು ಇಟ್ಟು ಅಕ್ಷರ ಕೂಡಿಸಿ ಕೂಡಿಸಿ ಪೂರ್ತಿ ಓದಿದ್ಳು. ಪೆನ್ನು ಮುಟ್ಟಲಿಲ್ಲ.

"ಏನಾತವ್ವ? ನೀ ಕೇಳಿದ್ದೇ ಆತಲ್ಲ" ಅಂದ್ರು ಗೌಡ್ರು.

"ಆತ್ರಿ ಗೌಡ್ರ. ಆದ್ರ ಗಟ್ಟಿ ನೆಲ ಅಂತ ಬರದಾರ. ಎತ್ತರ ಅಂತ ಬರಸ್ರಿ. ಊರಾಗ ಎಲ್ಲಾದಕ್ಕಿಂತ ಎತ್ತರದ ಜಾಗ ಅಂತ. ಕೋಲು ನಾನೇ ಹಿಡದೀನಿ, ನನಗ ಗೊತ್ತೈತಿ."

ಕಾರ್ಯದರ್ಶಿ ಗೌಡ್ರ ಮಾರಿ ನೋಡಿದ. ಗೌಡ್ರು ಒಂದು ಸಲ ಕೈ ಆಡಿಸಿದ್ರು, ಬರಿ ಅಂತ. ಅವ ಗೆರಿ ಹೊಡದು ಅದರ ಮ್ಯಾಲ 'ಗ್ರಾಮಂಲೋ ಅತ್ಯಂತ ಎತ್ತೈನ ಸ್ಥಲಂ' ಅಂತ ಬರದ. ಅಕ್ಕ ಅದನ್ನ ಗಟ್ಟಿಯಾಗಿ, ಬಾಗಲ ಹೊರಗ ಮಳ್ಯಾಗ ನಿಂತಿದ್ದ ತನ್ನ ಓಣಿ ಮಂದಿಗೆ ಕೇಳೋವಂಗ, ಎರಡು ಸಲ ಓದಿಸಿದ್ಳು. ಆಮ್ಯಾಲ ಸೈನು ಮಾಡಿದ್ಳು.